ಜಗಲಿಯಲ್ಲಿ ಸಿಗುತ್ತೆ, ಕೋಣೆಯಲ್ಲಿ ಸಿಗಲ್ಲ: ನಾನು ಸಿಮ್ ಆರಿಸಿದ ಬಗೆ

ಮನೆಗೆ ಫೈಬರ್ ಇಂಟರ್ನೆಟ್ ಬಂದ ಮೇಲೂ ಮೊಬೈಲ್ ನೆಟ್‌ವರ್ಕ್ ಯಾಕೆ ಬೇಕು ಅಂತ ಸುಮಾರು ಜನ ಕೇಳಿದ್ದಾರೆ. ನನಗಂತೂ ಬೇಕೇ ಬೇಕು. ನಾನು ಮಾಡುವುದು ಲೆಕ್ಕಪತ್ರದ ಕೆಲಸ. ಪೇಟೆಯ ಅಂಗಡಿಯವರ ಜಿಎಸ್‌ಟಿ ರಿಟರ್ನ್ ಮನೆಯಿಂದಲೇ ತುಂಬುತ್ತೇನೆ. ಎಲ್ಲ ಮುಗಿಸಿ ಸಲ್ಲಿಸುವ ಹೊತ್ತಿಗೆ ಒಟಿಪಿ ಹೋಗುವುದು ಅಂಗಡಿಯವರ ಫೋನಿಗೆ. ಅವರು ನನಗೆ ಫೋನ್ ಮಾಡಿ ಆ ನಂಬರ್ ಓದಿ ಹೇಳಬೇಕು. ಆಗ "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅಂತ ಹೆಂಗಸಿನ ದನಿ ಬಂದರೆ ಮುಗೀತು, ಮತ್ತೆ ಮೊದಲಿಂದ. ವಾಟ್ಸಾಪ್‌ನಲ್ಲಿ ಕರೆ ಮಾಡಿ ಅಂದರೆ ಗಲ್ಲಾದಲ್ಲಿ ಕೂತವರು ಕೇಳುತ್ತಾರಾ?

ಹಾಗಾಗಿ ಸ್ಪೀಡ್ ಎಷ್ಟು ಅನ್ನುವುದು ನನಗೆ ಮುಖ್ಯವಾಗಿರಲಿಲ್ಲ. ಕೋಣೆಯೊಳಗೆ ಕೂತಲ್ಲಿಗೆ ಕರೆ ಬರಬೇಕು, ಎಸ್‌ಎಂಎಸ್ ಬರಬೇಕು, ಮಳೆಗಾಲದಲ್ಲೂ ಬರಬೇಕು. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಮುಖ್ಯ ರಸ್ತೆಯಿಂದ ಒಳಗೆ, ತಗ್ಗಿನಲ್ಲಿ. ಹಿಂದೆ ದರೆ, ಮುಂದೆ ಅಡಿಕೆ ತೋಟ, ಅದರಾಚೆ ಗುಡ್ಡ. ಇಲ್ಲಿ ಯಾವ ಸಿಮ್ ಸಿಗುತ್ತೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಯಾರೂ ಸುಳ್ಳು ಹೇಳುವುದಿಲ್ಲ. ಅವರವರ ಅಂಗಳದ ಮಟ್ಟಿಗೆ ಅದು ನಿಜ.

ಮೊದಲು ನಕ್ಷೆ ನೋಡಿದೆ. ದೂರಸಂಪರ್ಕ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್ 2024ರಲ್ಲಿ ತಂದ ಸೇವಾ ಗುಣಮಟ್ಟದ ನಿಯಮದ ಪ್ರಕಾರ ಪ್ರತಿ ಕಂಪನಿಯೂ ತನ್ನ 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಅನ್ನುವ ನಕ್ಷೆಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಪೋರ್ಟಲ್‌ನಲ್ಲಿ ಹತ್ತಿರದ ಟವರ್ ಎಲ್ಲಿದೆ ಅಂತಲೂ ನೋಡಬಹುದು. ಕಂಪನಿ ನಕ್ಷೆಗಳಲ್ಲಿ ನಮ್ಮ ಇಡೀ ಊರಿಗೆ ಬಣ್ಣ ಬಳಿದಿತ್ತು. ಆ ಬಣ್ಣದ ಹೆಚ್ಚಿನ ಪಾಲು ಕಂಪ್ಯೂಟರ್ ಲೆಕ್ಕದಿಂದ ಬಂದದ್ದು, ಅದೂ ಬಯಲಲ್ಲಿ ನಿಂತವರಿಗೆ. ನಮ್ಮ ದರೆ, ನಮ್ಮ ಗೋಡೆ ಆ ಲೆಕ್ಕಕ್ಕೆ ಗೊತ್ತಿಲ್ಲ. ಬಣ್ಣ ಇಲ್ಲದ ಕಂಪನಿಯನ್ನು ಕೈಬಿಡುವುದಕ್ಕೆ ನಕ್ಷೆ ಸಾಕು. ಬಣ್ಣ ಇದೆ ಅಂತ ಸಿಮ್ ತಗೊಳ್ಳೋದಕ್ಕೆ ಸಾಲದು.

ಆಮೇಲೆ ಬಿಟ್ಟಿ ಪರೀಕ್ಷೆ ಒಂದಿದೆ, ಸುಮಾರು ಜನರಿಗೆ ಇದು ಗೊತ್ತಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್‌ಗೆ ಹೋಗಿ, ನೆಟ್‌ವರ್ಕನ್ನು ತಾನೇ ಆರಿಸಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ. ಫೋನ್ ಒಂದೆರಡು ನಿಮಿಷ ಹುಡುಕಿ, ಆ ಜಾಗದಲ್ಲಿ ಅದಕ್ಕೆ ಕೇಳಿಸುವ ಎಲ್ಲ ಕಂಪನಿಗಳ ಹೆಸರನ್ನೂ ಪಟ್ಟಿ ಮಾಡುತ್ತದೆ. ಅವರ ಸಿಮ್ ನಿಮ್ಮ ಹತ್ತಿರ ಇರಬೇಕೆಂದಿಲ್ಲ. ನಾನು ಜಗಲಿ, ಅಡುಗೆಮನೆ, ನನ್ನ ಕೋಣೆ, ಅಟ್ಟ ಎಲ್ಲ ಕಡೆ ಹೀಗೆ ಹುಡುಕಿಸಿದೆ. ಜಗಲಿಯಲ್ಲಿ ಕಂಡ ಒಂದು ಹೆಸರು ಕೋಣೆಯಲ್ಲಿ ಕಾಣಲೇ ಇಲ್ಲ. ಖರ್ಚಿಲ್ಲದೆ ಒಂದು ಕಂಪನಿ ಪಟ್ಟಿಯಿಂದ ಹೋಯಿತು. ಹುಡುಕಿ ಮುಗಿದ ಮೇಲೆ ಆ ಆಯ್ಕೆಯನ್ನು ಮತ್ತೆ ಆನ್ ಮಾಡಿಡಿ.

ಕಡ್ಡಿ ಎಣಿಸುವುದನ್ನಂತೂ ಬಿಟ್ಟೇಬಿಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದು ಫೋನ್ ಮಾಡಿದವರ ಇಷ್ಟ. ಎರಡು ಫೋನ್ ಅಕ್ಕಪಕ್ಕ ಇಟ್ಟು ಕಡ್ಡಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ನೋಡಬೇಕಾದ್ದು ಡಿಬಿಎಂ ಲೆಕ್ಕ, ಅಂದರೆ ಸಿಗ್ನಲ್ ಎಷ್ಟು ಜೋರಾಗಿದೆ ಅನ್ನುವ ಅಳತೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತೆ, ಅಲ್ಲಿ ಸಿಗುತ್ತದೆ. ಐಫೋನಿನಲ್ಲಿ *3001#12345#* ಡಯಲ್ ಮಾಡಬೇಕು. ಮೈನಸ್ ಸಂಖ್ಯೆ ಬರುತ್ತದೆ. ಮೈನಸ್ ಮುಂದಿನ ಅಂಕಿ ಸಣ್ಣದಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಒಳಗಿದ್ದರೆ ಆರಾಮ. 105ರ ತನಕ ನಡೆಯುತ್ತೆ. 115 ದಾಟಿತೆಂದರೆ ಮಾತು ತುಂಡು ತುಂಡಾಗಿ ಕೇಳಿಸುತ್ತದೆ, ಆಮೇಲೆ ಕರೆ ಕಡಿಯುತ್ತದೆ. ಇಲ್ಲಿ 10ರ ವ್ಯತ್ಯಾಸ ಅಂದರೆ ಶಕ್ತಿಯಲ್ಲಿ ಹತ್ತು ಪಟ್ಟು, 20 ಅಂದರೆ ನೂರು ಪಟ್ಟು. ಒಂದು ಎಚ್ಚರಿಕೆ: 2ಜಿಯ ಅಂಕಿಯನ್ನು 4ಜಿಯ ಅಂಕಿಗೆ ಹೋಲಿಸಬೇಡಿ, ಅಳೆಯುವ ರೀತಿಯೇ ಬೇರೆ.

ನನ್ನ ಹಳೆಯ ಸಿಮ್ ಜಗಲಿಯಲ್ಲಿ ಮೈನಸ್ 98 ತೋರಿಸುತ್ತಿತ್ತು. ಅದೇ ಫೋನ್ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿದರೆ 114. ನಡುವೆ ಇದ್ದದ್ದು ಅಜ್ಜನ ಕಾಲದ ದಪ್ಪ ಮಣ್ಣಿನ ಗೋಡೆ, ಅಷ್ಟೇ. ಅಟ್ಟದ ಮೇಲೆ ಹೋದರೆ ಮತ್ತೆ ನೂರರ ಒಳಗೆ. ಆದರೆ ಅಟ್ಟದಲ್ಲಿ ಅಡಿಕೆ ಮೂಟೆ ನಡುವೆ ಕೂತು ಕೆಲಸ ಮಾಡಲು ಆಗುತ್ತದಾ?

ಉಳಿದ ಕಂಪನಿಗಳನ್ನು ಅಳೆಯಲು ಮನೆಗೆ ಬಂದವರ ಫೋನ್ ಇಸ್ಕೊಂಡೆ. ಸತ್ಯನಾರಾಯಣ ಪೂಜೆಯ ದಿನ ಎಲ್ಲ ಕಂಪನಿಯ ಸಿಮ್ ಇರುವವರೂ ಒಂದೇ ಕಡೆ ಸಿಕ್ಕಿದರು. "ಚಿಕ್ಕಪ್ಪ, ಒಂಚೂರು ಫೋನ್ ಕೊಡಿ, ಕೋಣೆಗೆ ಹೋಗಿ ಬರ್ತೇನೆ" ಅಂದರೆ ಅವರಿಗೆ ಅನುಮಾನ. ಸಿಗ್ನಲ್ ನೋಡೋಕೆ ಅಂತ ಹೇಳಿದ ಮೇಲೆ ಎಲ್ಲರಿಗೂ ತಮ್ಮ ಅಂಕಿ ತಿಳಿಯುವ ಆಸೆ ಹುಟ್ಟಿತು. ಪೂಜೆ ಒಂದು ಕಡೆ, ನಮ್ಮ ಅಳತೆ ಒಂದು ಕಡೆ.

ಆ ದಿನವೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ಕಂಪನಿಯ ಸಿಮ್ ಇದ್ದ ಇಬ್ಬರ ಅಂಕಿ ಒಂದೇ ಜಾಗದಲ್ಲಿ ತೀರಾ ಬೇರೆ ಬಂತು. ಸಿಮ್‌ಗಳನ್ನು ಅದಲುಬದಲು ಮಾಡಿ ನೋಡಿದೆವು. ಅಂಕಿ ಬದಲಾಗಲಿಲ್ಲ, ಅಂದರೆ ವ್ಯತ್ಯಾಸ ಇದ್ದದ್ದು ಫೋನಿನಲ್ಲಿ. ಪ್ರತಿ ಕಂಪನಿಯೂ ಬೇರೆ ಬೇರೆ ಬ್ಯಾಂಡ್, ಅಂದರೆ ರೇಡಿಯೋ ತರಂಗದ ಬೇರೆ ಬೇರೆ ಪಟ್ಟಿ, ಬಳಸುತ್ತದೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್‌ಗಳು ದೂರ ಹೋಗುತ್ತವೆ, ಗೋಡೆ ದಾಟುತ್ತವೆ. 2300ರಂಥವು ಜಾಸ್ತಿ ಡೇಟಾ ಹೊರುತ್ತವೆ, ಆದರೆ ಗುಡ್ಡ ಮರ ಅಡ್ಡ ಬಂದರೆ ಬೇಗ ಸೋಲುತ್ತವೆ. ಬಿಎಸ್‌ಎನ್‌ಎಲ್‌ನ 4ಜಿ 700 ಮತ್ತು 2100ರಲ್ಲಿದೆ. ಜಿಯೋಗೆ 850 ಇದೆ. ನಿಮ್ಮ ಫೋನಿಗೆ ಆ ಬ್ಯಾಂಡ್ ಬರದಿದ್ದರೆ ಟವರ್ ಪಕ್ಕದಲ್ಲಿದ್ದರೂ ಉಪಯೋಗವಿಲ್ಲ. 700 ಅಂದರೆ ಬ್ಯಾಂಡ್ 28, 850 ಅಂದರೆ ಬ್ಯಾಂಡ್ 5. ಫೋನಿನ ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಬ್ಯಾಂಡ್ ಪಟ್ಟಿ ಸಿಗುತ್ತದೆ. ಹಳೆಯ ಫೋನ್‌ಗಳಲ್ಲಿ 28 ಇಲ್ಲದಿರುವುದು ಸಾಮಾನ್ಯ.

ಇಷ್ಟೆಲ್ಲ ಬೇಸಿಗೆಯ ಲೆಕ್ಕ. ನಮ್ಮಲ್ಲಿ ನಿಜವಾದ ಪರೀಕ್ಷೆ ಆಷಾಢದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲೂ ಅದೇ ಮೋಡ. ಲೈನ್ ಮೇಲೆ ಮರ ಬಿತ್ತು ಅಂದರೆ ಕರೆಂಟ್ ಯಾವಾಗ ಬರುತ್ತದೋ ದೇವರೇ ಬಲ್ಲ. ಕರೆಂಟ್ ಹೋದರೆ ಟವರ್ ನಡೆಯುವುದು ಬ್ಯಾಟರಿಯಲ್ಲಿ, ಆಮೇಲೆ ಜನರೇಟರ್‌ನಲ್ಲಿ. ಮನೆಯ ಫೈಬರ್ ಕೂಡ ಆಗ ನೆಚ್ಚುವಂತಿಲ್ಲ.

ಅಂಥ ಒಂದು ದಿನ ಬೆಳಿಗ್ಗೆಯೇ ಕರೆಂಟ್ ಹೋಯಿತು. ಮನೆಯಲ್ಲಿದ್ದ ಮೂರು ಕಂಪನಿಯ ಸಿಮ್ ಇರುವ ಫೋನ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಊಟದ ಹೊತ್ತಿಗೆ ಮುಂಚೆಯೇ ಒಂದು ಹೋಯಿತು. ಅದು ಕೋಣೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಸಿಗುತ್ತಿದ್ದ ಸಿಮ್! ಎರಡನೆಯದು ದೀಪ ಹಚ್ಚುವ ಹೊತ್ತಿಗೆ ಹೋಯಿತು. ಮೂರನೆಯದು ಮಾತ್ರ ಕೋಣೆಯಲ್ಲಿ ಮೈನಸ್ 106ರ ಆಸುಪಾಸು ಕುಂಟುತ್ತಲೇ ಮಾರನೇ ದಿನದವರೆಗೂ ಇತ್ತು. ಮೊದಲು ಹೋದ ಟವರಿನ ಹತ್ತಿರದ ಚಾ ಅಂಗಡಿಯಲ್ಲಿ ಆಮೇಲೆ ವಿಚಾರಿಸಿದೆ. "ಡೀಸೆಲ್ ಬಂದ್ರೆ ಇರ್ತದೆ, ಇಲ್ದಿದ್ರೆ ಇಲ್ಲ ಮಾರಾಯ್ರೆ" ಅಂದರು. ಯಾವ ನಕ್ಷೆಯಲ್ಲೂ ಇರದ ಮಾಹಿತಿ ಇದು. ಟವರ್ ಹತ್ತಿರದ ಅಂಗಡಿಯವರನ್ನು, ಮನೆಯವರನ್ನು ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ರಸ್ತೆ ಅಗಲ ಮಾಡುವಾಗ ಜೆಸಿಬಿ ಟವರಿನ ಕೇಬಲ್ ಕಿತ್ತರೆ ಎಷ್ಟು ದಿನ ಬೇಕು ಸರಿಯಾಗಲು, ಅದನ್ನೂ ಅವರೇ ಹೇಳುತ್ತಾರೆ. ಆಗ ಫೋನಿನಲ್ಲಿ ಕಡ್ಡಿ ತುಂಬ ಇರುತ್ತೆ, ಕರೆ ಮಾತ್ರ ಹೋಗುವುದಿಲ್ಲ.

ಇದರಿಂದ ಎರಡು ಸಿಮ್ ಇಟ್ಟುಕೊಳ್ಳುವ ಲೆಕ್ಕವೂ ಬದಲಾಯಿತು. ಒಂದೇ ಟವರ್ ಕಂಬದಲ್ಲಿ ಎರಡು ಮೂರು ಕಂಪನಿಗಳ ಆಂಟೆನಾ ಇರುವುದು ಮಾಮೂಲು. ಬ್ಯಾಟರಿ, ಜನರೇಟರ್ ಎಲ್ಲರಿಗೂ ಸೇರಿ ಇರುತ್ತದೆ. ಅಲ್ಲಿ ಕರೆಂಟ್ ಹೋದರೆ ನಿಮ್ಮ ಎರಡೂ ಸಿಮ್ ಒಟ್ಟಿಗೆ ಮಲಗುತ್ತವೆ. ಎರಡನೇ ಸಿಮ್ ಬೇರೆ ಕಂಪನಿಯದಾದರೆ ಸಾಲದು, ಬೇರೆ ಗುಡ್ಡದ ಟವರಿನದಾಗಬೇಕು. ತರಂಗ ಸಂಚಾರ್ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇಲ್ಲಿ.

ವೈಫೈ ಕಾಲಿಂಗ್ ಹಾಕಿಕೊಂಡರೆ ಆಗಲ್ವಾ ಅಂತ ತಮ್ಮ ಕೇಳಿದ. ಆಗುತ್ತೆ. ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು. ಮನೆಯ ವೈಫೈ ಮೇಲೆ ಮಾಮೂಲಿ ನಂಬರಿಗೇ ಕರೆ ಬರುತ್ತದೆ, ಬೇರೆ ದುಡ್ಡಿಲ್ಲ. ಈಗಲೂ ಆನ್ ಮಾಡಿಯೇ ಇಟ್ಟಿದ್ದೇನೆ. ಫೈಬರ್ ಕೈಕೊಟ್ಟ ದಿನ ಅದೂ ಇಲ್ಲ, ಅದಕ್ಕೇ ಅದನ್ನೊಂದೇ ನಂಬಿ ಕೂರಲಿಲ್ಲ.

ಕೊನೆಗೆ ಆರಿಸಿದ್ದು ಮಳೆಯಲ್ಲಿ ಕೊನೆತನಕ ಉಳಿದ ಮೂರನೆಯದನ್ನೇ. ಅಂಕಿಯಲ್ಲಿ ಅದು ಎರಡನೇ ಸ್ಥಾನದಲ್ಲಿತ್ತು. ನನ್ನ ಹಳೆಯ ನಂಬರನ್ನು ಅದಕ್ಕೆ ಪೋರ್ಟ್ ಮಾಡಿಸುವ, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸುವ ಮುಂಚೆ, ಅದೇ ಕಂಪನಿಯ ಹೊಸ ಪ್ರೀಪೇಯ್ಡ್ ಸಿಮ್ ಒಂದನ್ನು ನನ್ನ ಫೋನಿನ ಎರಡನೇ ಜಾಗಕ್ಕೆ ಹಾಕಿ ಒಂದು ರೀಚಾರ್ಜ್ ಮುಗಿಯುವ ತನಕ ಬಳಸಿದೆ. ಯಾಕೆಂದರೆ ಒಮ್ಮೆ ಪೋರ್ಟ್ ಆದರೆ 90 ದಿನ ಅಲ್ಲಿಂದ ಕದಲುವಂತಿಲ್ಲ.

ಪೋರ್ಟ್ ಮಾಡುವುದು ಸುಲಭ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು, ಮೊಬೈಲ್ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಬೇಕು. ಎಂಟು ಅಕ್ಷರದ ಕೋಡ್ ಬರುತ್ತದೆ. ಅದು ಕರ್ನಾಟಕದಲ್ಲಿ 4 ದಿನ ಮಾತ್ರ ಚಾಲ್ತಿ, ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ರಾಜ್ಯದೊಳಗಿನ ನಂಬರಾದರೆ 3 ಕೆಲಸದ ದಿನದಲ್ಲಿ ಆಗುತ್ತದೆ. ಬದಲಾಗುವ ರಾತ್ರಿ ಸ್ವಲ್ಪ ಹೊತ್ತು ಎರಡೂ ಸಿಮ್ ಸತ್ತಿರುತ್ತವೆ. ಜಿಎಸ್‌ಟಿ ಕೆಲಸದವರಿಗೆ ಒಂದು ಕಿವಿಮಾತು: ರಿಟರ್ನ್ ಗಡುವಿನ 11ನೇ ತಾರೀಕು, 20ನೇ ತಾರೀಕಿನ ಆಸುಪಾಸಿನಲ್ಲಿ ಇದಕ್ಕೆ ಕೈಹಾಕಬೇಡಿ. ನಾನು 20 ಕಳೆದ ಮೇಲೆಯೇ ಮೆಸೇಜ್ ಕಳಿಸಿದ್ದು.

ಅಪ್ಪಯ್ಯನ ಕೀಪ್ಯಾಡ್ ಫೋನ್ ಮಾತ್ರ ಮುಟ್ಟಲಿಲ್ಲ. ಅದು ಬರೀ 2ಜಿಯದು, ಆ ಸಿಗ್ನಲ್ ತೋಟದ ಕೊನೆಯ ತನಕ ಸಿಗುತ್ತೆ. ಅವರ ಟವರ್ ಬೇರೆ ಗುಡ್ಡದ್ದು, ಹಾಗಾಗಿ ಮನೆಗೆ ಎರಡನೇ ದಾರಿಯೂ ಆಯಿತು. ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ, ಅಂಗಡಿಯಲ್ಲಿ ಅದನ್ನೇ ಕೇಳಿ ಹಾಕಿಸಿದೆ. ಅಂಗಡಿ ಹುಡುಗ ಮೊದಲು ಡೇಟಾ ಇರುವುದನ್ನೇ ತೋರಿಸಿದ, ಎರಡನೇ ಸಲ ಕೇಳಿದ ಮೇಲೆ ಇದನ್ನು ಹುಡುಕಿ ಕೊಟ್ಟ.