ಕಟ್ಟು ಹಾಕಿಸುವಂಥ ಇನ್‌ಸ್ಟಂಟ್ ಫೋಟೊ ತೆಗೆಯುವುದು ಹೇಗೆ?

ಚಿತ್ರದುರ್ಗದ ಕೋಟೆ ನೋಡಲು ಬರುವ ಹುಡುಗ ಹುಡುಗಿಯರ ಕೈಯಲ್ಲಿ ಈಗ ಇನ್‌ಸ್ಟಂಟ್ ಕ್ಯಾಮೆರಾ ಆಗಾಗ ಕಾಣುತ್ತದೆ. ಬಟನ್ ಒತ್ತಿದರೆ ಫೋಟೊ ಅಲ್ಲೇ ಕೈಗೆ ಬರುತ್ತದೆ. ಖುಷಿಯೇ. ಆದರೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂಥವು ಅದರಲ್ಲಿ ಕೆಲವೇ. ಉಳಿದವು ಡ್ರಾಯರ್ ಸೇರುತ್ತವೆ. ಮೊಬೈಲಿನಲ್ಲಿ ತೆಗೆದ ಹಾಗೆಯೇ ಇದರಲ್ಲೂ ತೆಗೆಯುವುದು ಇದಕ್ಕೆ ಮುಖ್ಯ ಕಾರಣ. ಈ ಫಿಲ್ಮ್ ಚಿಕ್ಕದು, ಬೆಳಕಿನ ವಿಷಯದಲ್ಲಿ ಹಟಮಾರಿ. ಅದರ ಹಟ ಗೊತ್ತಿದ್ದವರಿಗೆ ಒಳ್ಳೆಯ ಫೋಟೊ ಸಿಗುತ್ತದೆ.

ಅಳತೆ ನೋಡಿಕೊಂಡು ಶುರು ಮಾಡಿ

ಫ್ಯೂಜಿಫಿಲ್ಮ್ ಕಂಪನಿಯ ಇನ್‌ಸ್ಟಂಟ್ ಫಿಲ್ಮ್‌ನ ಹೆಸರು ಇನ್‌ಸ್ಟ್ಯಾಕ್ಸ್. ಅದರಲ್ಲಿ ಚಿಕ್ಕದಾದ ಮಿನಿಯ ಒಂದು ಶೀಟ್ 86×54 ಮಿ.ಮೀ., ಅಂದರೆ ಎಟಿಎಂ ಕಾರ್ಡಿನಷ್ಟು. ಅದರಲ್ಲಿ ಚಿತ್ರ ಮೂಡುವ ಜಾಗ 62×46 ಮಿ.ಮೀ. ಮಾತ್ರ. ಸ್ಕ್ವೇರ್ ಫಿಲ್ಮ್‌ನಲ್ಲಿ 62×62, ವೈಡ್‌ನಲ್ಲಿ 62×99. ಇನ್ನೊಂದು ಕಂಪನಿಯ ಫಿಲ್ಮ್ ಪೋಲರಾಯ್ಡ್ ಸ್ವಲ್ಪ ದೊಡ್ಡದು, ಸುಮಾರು 79×79. ಗೋಡೆಯ ಮೇಲಿದ್ದಾಗ ಇದನ್ನು ನಾಲ್ಕೈದು ಅಡಿ ದೂರದಿಂದ ನೋಡುತ್ತೇವೆ. ಅಷ್ಟು ದೂರದಿಂದ ಗುರುತು ಸಿಗಬೇಕಾದರೆ ಚಿತ್ರದಲ್ಲಿ ಒಂದೇ ವಿಷಯ ಇರಬೇಕು.

ಹಾಗಾಗಿ ಏಳು ಸುತ್ತಿನ ಕೋಟೆಯನ್ನು ಮೇಲಿನ ಬಂಡೆಯಿಂದ ಪೂರ್ತಿ ತೆಗೆಯಲು ಹೋಗಬೇಡಿ. ಕಣ್ಣಿಗೆ ಅದ್ಭುತವಾಗಿ ಕಂಡದ್ದು ಫಿಲ್ಮ್ ಮೇಲೆ ಬೂದು ಬಣ್ಣದ ಚುಕ್ಕೆಗಳಾಗಿ ಉಳಿಯುತ್ತದೆ. ಕೋಟೆಗೆ 19 ಹೆಬ್ಬಾಗಿಲುಗಳು ಎಂದು ಲೆಕ್ಕ. ಅದರಲ್ಲಿ ಒಂದು ಬಾಗಿಲು ಸಾಕು. ಒನಕೆ ಓಬವ್ವನ ಕಿಂಡಿಯ ಮುಂದೆ ತಂಗಿಯ ಮುಖ ಸಾಕು. ಗುಂಪು ಫೋಟೊ ಬೇಕೇ ಬೇಕು ಅಂದರೆ ವೈಡ್ ಫಿಲ್ಮ್ ಇರಲಿ. ಮಿನಿಯಲ್ಲಿ ಎಂಟು ಜನ ನಿಂತರೆ ಯಾರ ಮುಖವೂ ಕಾಣುವುದಿಲ್ಲ.

ಬೆಳಕು ಸಿಕ್ಕರೆ ಅರ್ಧ ಕೆಲಸ ಮುಗಿಯಿತು

ಇನ್‌ಸ್ಟ್ಯಾಕ್ಸ್ ಫಿಲ್ಮ್‌ನ ಐಎಸ್ಒ 800. ಅಂದರೆ ಸ್ವಲ್ಪ ಬೆಳಕಿಗೇ ಬೇಗ ಸ್ಪಂದಿಸುತ್ತದೆ. ಇನ್‌ಸ್ಟ್ಯಾಕ್ಸ್ ಮಿನಿ 12ರಂಥ ಸರಳ ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಲೆನ್ಸ್ ಬೆಳಕು ಬಿಡುವ ರಂಧ್ರದ ಅಳತೆ, ಬದಲಾಯಿಸಲು ಆಗುವುದಿಲ್ಲ, ಬೆಳಕಿಗೆ ತೆರೆದು ಮುಚ್ಚುವ ಶಟರ್ ಕೂಡ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ವೇಗವಾಗಿ ಓಡುವುದಿಲ್ಲ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇದು ಸಾಲದು. ಬಂಡೆ ಬಿಸಿಲನ್ನು ಇನ್ನೂ ಎತ್ತಿ ಹೊಡೆಯುತ್ತದೆ. ಫೋಟೊ ಬಿಳುಚಿಕೊಂಡು ಬರುವುದು ಇದರಿಂದಲೇ. ಹಳೆಯ ಮಿನಿ 9ರಲ್ಲಿ ಬೆಳಕಿಗೆ ತಕ್ಕಂತೆ ತಿರುಗಿಸುವ ಡಯಲ್ ಇದೆ, ಬಿಸಿಲಿನ ಗುರುತಿಗೆ ಇಟ್ಟುಕೊಳ್ಳುವುದನ್ನು ಮರೆಯಬೇಡಿ.

ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಹತ್ತಿರ ತೆಗೆಯಿರಿ. ಮಧ್ಯಾಹ್ನವೇ ಹೋಗಬೇಕಾಯಿತು ಅಂದರೆ ಕೋಟೆಯ ಹೆಬ್ಬಾಗಿಲನ್ನು ಬಳಸಿಕೊಳ್ಳಿ. ನನಗಂತೂ ಇದಕ್ಕಿಂತ ಒಳ್ಳೆಯ ಸ್ಟುಡಿಯೊ ಬೇರೆ ಕಂಡಿಲ್ಲ. ಫೋಟೊ ತೆಗೆಸಿಕೊಳ್ಳುವವರು ಬಾಗಿಲಿನ ನೆರಳಿನೊಳಗೆ, ಅಂಚಿನಿಂದ ಒಂದು ಹೆಜ್ಜೆ ಹಿಂದೆ, ಮುಖ ಹೊರಗೆ ಮಾಡಿ ನಿಲ್ಲಲಿ. ನೀವು ಹೊರಗೆ ನಿಂತು ಹತ್ತಿರ ಬನ್ನಿ. ಬಿಸಿಲು ಬಿದ್ದ ಕಲ್ಲು ಚಿತ್ರದೊಳಗೆ ಬರದಷ್ಟು ಹತ್ತಿರ. ಮುಖಕ್ಕೆ ಆಕಾಶದ ಮೆದು ಬೆಳಕು, ಹಿಂದೆ ಕತ್ತಲು. ಚರ್ಮದ ಬಣ್ಣ, ಸೀರೆಯ ಬಣ್ಣ ಎರಡೂ ಚೆನ್ನಾಗಿ ಬರುತ್ತವೆ.

ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಯಂತ್ರಗಳನ್ನು ತೆಗೆಯಲು ಎಲ್ಲರಿಗೂ ಆಸೆ. ಬಿಳಿ ರೆಕ್ಕೆ, ಮಧ್ಯಾಹ್ನದ ಬಿಳಿ ಆಕಾಶ. ಒಂದರಲ್ಲಿ ಒಂದು ಕರಗಿ ಏನೂ ಕಾಣುವುದಿಲ್ಲ. ಮಳೆ ನಿಂತ ಮೇಲಿನ ದಿನಗಳಲ್ಲಿ, ಬೆಳಗ್ಗೆ, ಸೂರ್ಯ ನಿಮ್ಮ ಬೆನ್ನಿಗಿದ್ದು ಆಕಾಶ ನೀಲಿ ಇದ್ದಾಗ ಮಾತ್ರ ಪ್ರಯತ್ನಿಸಿ. ದೂರದ ದೃಶ್ಯವೇ ಬೇಕು ಅನ್ನುವವರಿಗೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿ ವಾಸಿ. ನೀರಿನ ನಡುವೆ ಒಂದೇ ಮಂಟಪ, ಸುತ್ತ ಮೆಟ್ಟಿಲು. ಚೌಕದ ಫಿಲ್ಮ್‌ಗೆಂದೇ ಕಟ್ಟಿದ ಹಾಗಿದೆ.

ಎರಡು ಮೀಟರ್ ಒಳಗೆ ನಿಲ್ಲಿ

ಮಿನಿ 12ರ ಫ್ಲ್ಯಾಶ್ ಪ್ರತಿ ಸಲವೂ ಬೆಳಗುತ್ತದೆ, ಆದರೆ ಅದರ ಬೆಳಕು ತಲುಪುವುದು 2.2 ಮೀಟರ್‌ವರೆಗೆ ಮಾತ್ರ. ಮನೆಯೊಳಗೆ ನಾಮಕರಣವೋ ಹುಟ್ಟುಹಬ್ಬವೋ ಇದ್ದರೆ ಒಂದರಿಂದ ಎರಡು ಮೀಟರ್ ದೂರ ಸರಿಯಾಗಿರುತ್ತದೆ. ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಬೇಡಿ, ಹಿಂದೆ ದಟ್ಟ ನೆರಳು ಬೀಳುತ್ತದೆ. ಗೋಡೆಯಿಂದ ಮುಂದಕ್ಕೆ, ಕಿಟಕಿಯ ಪಕ್ಕ ಕೂರಿಸಿ. ದಾವಣಗೆರೆಯ ಗಾಜಿನ ಮನೆಯಲ್ಲಿ ತೆಗೆಯುವಾಗ ಗಾಜಿಗೆ ನೇರ ನಿಂತರೆ ಫ್ಲ್ಯಾಶ್ ನಿಮಗೇ ವಾಪಸ್ ಹೊಡೆಯುತ್ತದೆ. ಸ್ವಲ್ಪ ಓರೆಯಾಗಿ ನಿಲ್ಲಿ.

ಬೆಣ್ಣೆ ದೋಸೆಯ ಫೋಟೊ ತೆಗೆಯದೆ ದಾವಣಗೆರೆಯಿಂದ ಹೋಗುವವರು ಕಡಿಮೆ. ಆದರೆ ತಟ್ಟೆಗೆ ಕ್ಯಾಮೆರಾ ಹತ್ತಿರ ಹಿಡಿದರೆ ಫ್ಲ್ಯಾಶ್‌ಗೆ ಬೆಣ್ಣೆ ಬರೀ ಬಿಳಿ ಕಲೆಯಾಗುತ್ತದೆ. 30 ಸೆಂ.ಮೀ.ಗಿಂತ ಹತ್ತಿರ ಹೋದರೆ ಮಸುಕೂ ಆಗುತ್ತದೆ. ನನ್ನನ್ನು ಕೇಳಿದರೆ, ಕಾವಲಿಯ ಮುಂದೆ ನಿಂತು ದೋಸೆ ಹಾಕುವವರನ್ನು ತೆಗೆಯಿರಿ. ಗೋಡೆ ಮೇಲೆ ವರ್ಷಗಟ್ಟಲೆ ನೋಡಬೇಕು ಅನ್ನಿಸುವುದು ಆ ಮುಖವೇ. 'ಅಣ್ಣಾ, ಒಂದು ಫೋಟೊ ತೆಗೀಲಾ?' ಎಂದು ಮೊದಲು ಕೇಳಿ. ಆಗುತ್ತದೆ ಅಂದರೆ ಎರಡು ತೆಗೆದು ಒಂದನ್ನು ಅವರಿಗೇ ಕೊಡಿ.

ಇನ್ನೊಂದು ಮಾತು. ನೀವು ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ದೂರದಲ್ಲಿ ಇದು ಗೊತ್ತಾಗುವುದಿಲ್ಲ. ಹತ್ತಿರ ಹೋದಂತೆ ಮುಖ ಒಂದು ಪಕ್ಕಕ್ಕೆ ಜರುಗಿ ಬರುತ್ತದೆ. ಯಾವ ಪಕ್ಕಕ್ಕೆ ಜರುಗುತ್ತದೆ ಎಂದು ಮೊದಲ ಪ್ಯಾಕ್‌ನಲ್ಲೇ ಗಮನಿಸಿ, ಅಷ್ಟು ಸರಿಸಿ ಹಿಡಿಯಿರಿ. ಮಿನಿ 12ರಲ್ಲಿ ಲೆನ್ಸನ್ನು ಕ್ಲೋಸ್‌ಅಪ್‌ಗೆ ತಿರುಗಿಸಿದರೆ ಇದು ತಾನಾಗಿ ಸರಿಹೋಗುತ್ತದೆ. ಬೆರಳು ಲೆನ್ಸ್, ಫ್ಲ್ಯಾಶ್, ಬೆಳಕು ಅಳೆಯುವ ಪುಟ್ಟ ಕಿಂಡಿ ಯಾವುದರ ಮೇಲೂ ಇರಬಾರದು.

ಹೊರಬಂದ ಶೀಟನ್ನು ಅಲ್ಲಾಡಿಸಬೇಡಿ

ಕೆಳಗಿನ ಅಗಲದ ಬಿಳಿ ಅಂಚಿನಲ್ಲಿ ರಾಸಾಯನಿಕದ ಪುಟ್ಟ ಚೀಲ ಇರುತ್ತದೆ. ಶೀಟ್ ಹೊರಬರುವಾಗ ರೋಲರ್ ಅದನ್ನು ಒಡೆದು ಒಳಪದರಗಳ ನಡುವೆ ಹರಡುತ್ತದೆ. ಚಿತ್ರ ಮೂಡುವ ಹೊತ್ತಿನಲ್ಲಿ ಅಲ್ಲಾಡಿಸಿದರೆ, ಬಗ್ಗಿಸಿದರೆ, ಒತ್ತಿದರೆ ಆ ಪದರ ಕೆಡುತ್ತದೆ. ಅಂಚು ಹಿಡಿದು ಸುಮ್ನೆ ಪುಸ್ತಕದೊಳಗೆ ಇಟ್ಟುಬಿಡಿ. ಇನ್‌ಸ್ಟ್ಯಾಕ್ಸ್‌ಗೆ ಸುಮಾರು 90 ಸೆಕೆಂಡ್ ಸಾಕು. ಪೋಲರಾಯ್ಡ್‌ಗೆ 10ರಿಂದ 15 ನಿಮಿಷ ಬೇಕು, ಅಷ್ಟು ಹೊತ್ತು ಬೆಳಕು ಬೀಳದಂತೆ ಬೋರಲು ಇಡಬೇಕು.

ಸೆಕೆಯ ಲೆಕ್ಕ ನಮ್ಮ ಜಿಲ್ಲೆಗಳಲ್ಲಿ ಮುಖ್ಯ. ಇನ್‌ಸ್ಟ್ಯಾಕ್ಸ್ 5ರಿಂದ 40 ಡಿಗ್ರಿವರೆಗೆ ತಡೆಯುತ್ತದೆ. ಪೋಲರಾಯ್ಡ್‌ಗೆ 13ರಿಂದ 28 ಡಿಗ್ರಿ ಬೇಕು, ಅದಕ್ಕಿಂತ ಜಾಸ್ತಿಯಾದರೆ ಹಳದಿ ಛಾಯೆ ಹತ್ತುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಪೋಲರಾಯ್ಡ್ ಹಿಡಿದು ಬೆಟ್ಟ ಹತ್ತುವುದಾದರೆ ಬೆಳಗಿನ ಜಾವವೇ ಹೊರಡಿ. ಫಿಲ್ಮ್ ಇರುವ ಕ್ಯಾಮೆರಾವನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಲೇಬೇಡಿ. ಪ್ಯಾಕ್ ಮುಗಿಯುವ ಮೊದಲು ಹಿಂದಿನ ಮುಚ್ಚಳ ತೆರೆದರೆ ಉಳಿದ ಶೀಟಿಗೆ ಬೆಳಕು ತಾಗಿ ಹಾಳಾಗುತ್ತವೆ.

ಕಟ್ಟು ಹಾಕಿಸುವಾಗ

ತೆಗೆದ ದಿನವೇ ಆರಿಸಬೇಡಿ. ಒಂದು ವಾರ ಮೇಜಿನ ಮೇಲೆ ಸಾಲಾಗಿಟ್ಟು ನೋಡಿ. ಕಣ್ಣು ಮತ್ತೆ ಮತ್ತೆ ಹೋಗುವುದನ್ನು ಮಾತ್ರ ಅಂಗಡಿಗೆ ಒಯ್ಯಿರಿ.

ಕಟ್ಟು ಹಾಕುವವರಿಗೆ ನಾಲ್ಕು ವಿಷಯ ಮೊದಲೇ ಹೇಳಿ. ಬಿಳಿ ಅಂಚು ಕತ್ತರಿಸಬಾರದು. ಹಿಂದೆ ಗೋಂದು ಬಳಿಯಬಾರದು, ಮೂಲೆಗೆ ಫೋಟೊ ಕಾರ್ನರ್ ಹಾಕಿದರೆ ಸಾಕು. ಲ್ಯಾಮಿನೇಷನ್ ಬೇಡವೇ ಬೇಡ, ಅದರ ಬಿಸಿಗೆ ಫೋಟೊ ಕೆಡುತ್ತದೆ. ಗಾಜು ಫೋಟೊಗೆ ಅಂಟಿಕೊಳ್ಳದಂತೆ ನಡುವೆ ಆಸಿಡ್-ಫ್ರೀ ಮೌಂಟ್ ಬೋರ್ಡ್ ಇರಬೇಕು.

ಫ್ರೇಮ್ ಫೋಟೊದ ಅಳತೆಗೇ ಇರಲಿ ಅನ್ನುವುದು ಸಾಮಾನ್ಯ. ನಾನು ಒಪ್ಪುವುದಿಲ್ಲ. ಮಿನಿ ಫೋಟೊಗೆ 6×8 ಇಂಚಿನ ಫ್ರೇಮ್ ತೆಗೆದುಕೊಂಡು ಸುತ್ತ ಖಾಲಿ ಜಾಗ ಬಿಡಿಸಿ. ಆಗ ಪುಟ್ಟ ಚಿತ್ರಕ್ಕೂ ಗೋಡೆಯ ಮೇಲೆ ತೂಕ ಬರುತ್ತದೆ. ಮೂರು ಫೋಟೊ ಒಂದೇ ಫ್ರೇಮಿನಲ್ಲಿ ಹಾಕಿಸುವುದಾದರೆ ಒಂದೇ ದಿನ, ಒಂದೇ ಬೆಳಕಿನಲ್ಲಿ ತೆಗೆದವು ಇರಲಿ. ಕೋಟೆಯ ಮೂರು ಬಾಗಿಲು ಅಥವಾ ಒಬ್ಬರೇ ವ್ಯಕ್ತಿಯ ಮೂರು ಭಾವ.

ಬಿಸಿಲು ನೇರ ಬೀಳುವ ಗೋಡೆ, ಒಲೆಯ ಹತ್ತಿರ, ದೇವರ ದೀಪದ ಮೇಲ್ಭಾಗ, ಮಳೆಗಾಲದಲ್ಲಿ ತೇವ ಏರುವ ಗೋಡೆ ಇವಿಷ್ಟನ್ನು ಬಿಡಿ. ಈ ಫೋಟೊಗೆ ನೆಗೆಟಿವ್ ಇರುವುದಿಲ್ಲ, ಬಣ್ಣ ಮಾಸಿದರೆ ಮತ್ತೆ ಪ್ರಿಂಟ್ ಹಾಕಿಸಲು ಆಗದು. ಅದಕ್ಕೇ ಅಂಗಡಿಗೆ ಕೊಡುವ ಮೊದಲು 600 ಡಿಪಿಐನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿಸಿ, ಫೈಲನ್ನು ಎರಡು ಕಡೆ ಇಟ್ಟುಕೊಳ್ಳಿ.