ಮೊಟ್ಟೆಗೆ ಸ್ನಾನ ಮಾಡಿಸಬೇಡಿ

ಮೊನ್ನೆ ತಂಗಿಯ ಮಗಳ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಆರು ಹೇಂಟೆ ಸಾಕಿದ್ದಾಳೆ, ನೋಡಿ ಖುಷಿಯಾಯಿತು. ಆ ಖುಷಿ ಅಡುಗೆಮನೆಯ ಬಾಗಿಲವರೆಗೆ ಮಾತ್ರ. ಸಿಂಕಿನಲ್ಲಿ ಒಂದು ಟಬ್ಬು, ಟಬ್ಬಿನ ತುಂಬ ತಣ್ಣೀರು, ಅದರ ಮೇಲೆ ಪಾತ್ರೆ ಸೋಪಿನ ನೊರೆ, ನೊರೆಯ ಕೆಳಗೆ ಇಪ್ಪತ್ತು ಮೊಟ್ಟೆ. ಬೆಳಿಗ್ಗೆಯಿಂದ ನೆನೆಯುತ್ತಿವೆಯಂತೆ. "ಅಂಟಿದ್ದೆಲ್ಲ ಮೆತ್ತಗಾಗಲಿ ಅಂತ, ದೊಡ್ಡಮ್ಮ" ಅಂದಳು. ಬಟ್ಟೆ ನೆನೆಹಾಕಿದ ಹಾಗೆ! ಇವಳೊಬ್ಬಳೇ ಅಲ್ಲ, ಈಗ ಕೋಳಿ ಸಾಕುವ ಹುಡುಗ ಹುಡುಗಿಯರೆಲ್ಲ ಹೀಗೇ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೇಂಟೆ ಮೊಟ್ಟೆ ಇಟ್ಟ ಗಳಿಗೆಯಲ್ಲೇ ಯಾವತ್ತಾದರೂ ನೋಡಿದ್ದೀರಾ? ಒದ್ದೆ ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಕೈಗೆತ್ತಿಕೊಂಡು ನೋಡುತ್ತಿದ್ದ ಹಾಗೇ ಆ ಹೊಳಪು ಆರಿ ಮಂಕಾಗುತ್ತದೆ. ಆ ಆರಿದ್ದು ಸುಮ್ನೆ ನೀರಲ್ಲ, ಅದೇ ಮೊಟ್ಟೆಯ ಪೊರೆ. ಮೊಟ್ಟೆಯ ಓಡು ನೋಡುವುದಕ್ಕೆ ಗಟ್ಟಿ, ಆದರೆ ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಒಂದು ಮೊಟ್ಟೆಗೆ 7 ಸಾವಿರದಿಂದ 17 ಸಾವಿರದವರೆಗೂ ಇರುತ್ತವೆ. ಒಳಗಿನ ಮರಿ ಉಸಿರಾಡಬೇಕಲ್ವಾ, ಅದಕ್ಕೆ. ಆ ತೂತುಗಳನ್ನೆಲ್ಲ ಈ ಪೊರೆ ಮುಚ್ಚಿ ಕಾಯುತ್ತದೆ. ನೀವು ಸೋಪು ಹಾಕಿ ತಿಕ್ಕಿದರೆ ಮೊದಲು ಹೋಗುವುದು ಅದೇ.

ತಣ್ಣೀರಂತೂ ಇನ್ನೂ ಕೆಟ್ಟದ್ದು. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ, ಮೊಟ್ಟೆಯೂ ಅಷ್ಟೇ ಬಿಸಿಯಾಗಿ ಹೊರಬರುತ್ತದೆ. ಆರುತ್ತಾ ಬಂದ ಹಾಗೆ ಒಳಗಿನದು ಕುಗ್ಗಿ, ತೂತುಗಳಿಂದ ಗಾಳಿ ಎಳೆದುಕೊಳ್ಳುತ್ತದೆ. ಬೇಯಿಸಿದ ಮೊಟ್ಟೆ ಸುಲಿದಾಗ ದಪ್ಪ ತುದಿಯಲ್ಲಿ ಒಂದು ಗುಳಿ ಕಾಣುತ್ತದಲ್ಲ, ಅದು ಹಾಗೆ ಆದದ್ದು. ಈಗ ಬೆಚ್ಚಗಿರುವ ಮೊಟ್ಟೆಯನ್ನು ತಣ್ಣೀರಿಗೆ ಹಾಕಿ. ಮತ್ತೆ ಕುಗ್ಗುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ, ಆದರೆ ಈ ಸಲ ಗಾಳಿಯಲ್ಲ, ಹಿಕ್ಕೆ ಕದಡಿದ ಸೋಪಿನ ನೀರು. ಹೊರಗಿದ್ದ ಕೊಳೆಯನ್ನು ನೀವೇ ಒಳಗೆ ಕಳಿಸಿದ ಹಾಗಾಯಿತು.

ನಾನೇನೂ ಹುಟ್ಟುತ್ತಲೇ ಕಲಿತು ಬಂದವಳಲ್ಲ. ಮದುವೆಯಾದ ಹೊಸತರಲ್ಲಿ, ಸೊಸೆ ಚೊಕ್ಕ ಅನ್ನಿಸಿಕೊಳ್ಳಬೇಕೆಂದು, ಬುಟ್ಟಿಯಲ್ಲಿದ್ದ ಮೊಟ್ಟೆಯನ್ನೆಲ್ಲ ತಣ್ಣೀರಲ್ಲಿ ಉಜ್ಜಿ ಉಜ್ಜಿ ತೊಳೆದಿಟ್ಟೆ. ಅದರಲ್ಲಿ ಕಾವಿಗೆ ಇಡಲೆಂದು ಅತ್ತೆ ಆರಿಸಿಟ್ಟಿದ್ದ ಹನ್ನೊಂದು ಮೊಟ್ಟೆಯೂ ಇದ್ದವು. ಕೋಳಿ ಪಾಪ 21 ದಿನ ಊಟ ನೀರು ಕಮ್ಮಿ ಮಾಡಿಕೊಂಡು ಕೂತಿತು. ಹೊರಬಂದದ್ದು ಎರಡೇ ಮರಿ. ಉಳಿದವು ಕೊಳೆತಿದ್ದವು, ಒಂದಂತೂ ಕೋಳಿಯ ಹೊಟ್ಟೆಯ ಕೆಳಗೇ ಟಪ್ ಅಂತ ಒಡೆಯಿತು. ಆ ವಾಸನೆ ಹೇಗಿರುತ್ತದೆ ಅಂತ ಬರೆಯುವುದಿಲ್ಲ. ಅತ್ತೆ ಬೈಯಲಿಲ್ಲ. ಗೂಡು ತೊಳೆಯುವ ಕೆಲಸ ಮಾತ್ರ ನನಗೇ ಕೊಟ್ಟರು.

ಮೊಟ್ಟೆ ಚೊಕ್ಕ ಮಾಡುವ ಕೆಲಸ ಇರುವುದು ಸಿಂಕಿನಲ್ಲಿ ಅಲ್ಲ, ಗೂಡಿನಲ್ಲಿ, ಅಂದರೆ ಹೇಂಟೆ ಕೂತು ಮೊಟ್ಟೆ ಇಡುವ ಜಾಗದಲ್ಲಿ. ದಿನಾ ಮೊಟ್ಟೆಗೆ ಹಿಕ್ಕೆ ಅಂಟಿದೆ ಅಂದರೆ ಗೂಡು ನೋಡಿ. ಒಣ ಹುಲ್ಲೋ ಹೊಟ್ಟೋ ಧಾರಾಳವಾಗಿ ಹಾಕಿ, ಕೈ ಅದುಮಿದರೆ ತಳ ಸಿಗಬಾರದು. ಒದ್ದೆಯಾದದ್ದನ್ನು ಅವತ್ತೇ ತೆಗೆಯಿರಿ. ನಾಲ್ಕೈದು ಹೇಂಟೆಗೆ ಒಂದು ಗೂಡಾದರೂ ಇರಲಿ. ಇನ್ನೊಂದು, ಇದು ಯಾರಿಗೂ ಹೊಳೆಯುವುದಿಲ್ಲ: ಕೋಳಿ ಮಲಗುವ ಕೋಲು ಗೂಡಿಗಿಂತ ಎತ್ತರದಲ್ಲಿರಬೇಕು. ಕೋಳಿಗೆ ರಾತ್ರಿ ಎಲ್ಲಕ್ಕಿಂತ ಎತ್ತರದ ಜಾಗವೇ ಬೇಕು. ಗೂಡೇ ಎತ್ತರದಲ್ಲಿದ್ದರೆ ಅದರಲ್ಲೇ ಮಲಗಿ ರಾತ್ರಿಯಿಡೀ ಹಿಕ್ಕೆ ಹಾಕುತ್ತದೆ, ಬೆಳಿಗ್ಗೆ ಅದರ ಮೇಲೇ ಮೊಟ್ಟೆ ಇಡುತ್ತದೆ. ಹೇಂಟೆಗಳು ಹೆಚ್ಚಾಗಿ ಬೆಳಿಗ್ಗೆ ಹೊತ್ತೇ ಮೊಟ್ಟೆ ಇಡುವುದು, ಹಾಗಾಗಿ ಹತ್ತು ಗಂಟೆಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಎತ್ತಿಕೊಂಡು ಬಂದರೆ ತುಳಿದಾಟವೂ ಇಲ್ಲ, ಒಡೆದಾಟವೂ ಇಲ್ಲ.

ಇಷ್ಟಾದ ಮೇಲೂ ಮಳೆ ಬಂದ ದಿನ ಕೆಸರು ಕಾಲಿನ ಗುರುತು ಬೀಳುತ್ತದೆ, ಅಲ್ಲೊಂದು ಇಲ್ಲೊಂದಕ್ಕೆ ಹಿಕ್ಕೆ ತಗಲುತ್ತದೆ. ಅದಕ್ಕೆ ನನ್ನ ಉಪಾಯ ಹೀರೆ ನಾರು. ಹೌದು, ಮೈ ಉಜ್ಜುವ ನಾರೇ, ತುಪ್ಪದ ಹೀರೆಯದು. ಕಾಯಿಯನ್ನು ಬಳ್ಳಿಯಲ್ಲೇ ಬಿಡಬೇಕು, ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಬೀಜ ಗಿಲಗಿಲ ಅನ್ನುವವರೆಗೆ. ಆಮೇಲೆ ಸಿಪ್ಪೆ ಸುಲಿದು, ಬೀಜ ಉದುರಿಸಿ, ಬೆರಳುದ್ದದ ತುಂಡು ಮಾಡಿ, ಉದ್ದಕ್ಕೆ ಸೀಳಿ ಬಿಡಿಸಿಕೊಳ್ಳಿ. ಹೊರಗಿನ ಮೈ ಒರಟು, ಒಳಗಿನದು ಮೃದು. ನಮಗೆ ಬೇಕಾದದ್ದು ಒಳಗಿನದು. ಈ ತುಂಡಿಗೆ ನೀರು ಸೋಕಬಾರದು, ಮೊಟ್ಟೆ ಬುಟ್ಟಿಯ ಪಕ್ಕ ಒಂದು ಮೊಳೆಗೆ ನೇತುಹಾಕಿರಬೇಕು, ಮನೆಯಲ್ಲಿ ಯಾರೂ ಅದನ್ನು ಇನ್ನೊಂದಕ್ಕೆ ಮುಟ್ಟಬಾರದು. ನಮ್ಮ ಮನೆಯಲ್ಲಿ ಒಮ್ಮೆ ಮಗ ಅದರಲ್ಲೇ ಚಪ್ಪಲಿ ಉಜ್ಜಿದ್ದ, ಆ ಕಥೆ ಬೇಡ.

ಮೊಟ್ಟೆಗೆ ಅಂಟಿದ್ದು ಪೂರ್ತಿ ಒಣಗಲಿ, ಬೇಕಾದರೆ ಒಂದು ರಾತ್ರಿ ಬಿಡಿ. ಹಸಿಯಿದ್ದಾಗ ಉಜ್ಜಿದರೆ ಬಳಿದ ಹಾಗಾಗುತ್ತದೆ, ಇನ್ನಷ್ಟು ಜಾಗಕ್ಕೆ ಹರಡುತ್ತದೆ. ಒಣಗಿದ ಮೇಲೆ ದಪ್ಪ ತುದಿ ಅಂಗೈಗೆ ಬರುವ ಹಾಗೆ ಹಿಡಿಯಿರಿ, ಹೆಬ್ಬೆರಳು ಸುಮ್ನೆ ತಾಗಿರಲಿ, ಅದುಮಬೇಡಿ. ನಾರನ್ನು ಕಲೆಯ ಮೇಲಿಟ್ಟು, ನಾರು ಆಡಿಸುವುದಕ್ಕಿಂತ ಮೊಟ್ಟೆಯನ್ನೇ ಚೂರು ಚೂರು ತಿರುಗಿಸುತ್ತಾ ಹೋಗಿ. ಕಲೆ ಇದ್ದಲ್ಲಿ ಮಾತ್ರ. ಕಿವಿ ಕೊಟ್ಟು ಕೇಳಿ, ಮೊದಲು ಕರ ಕರ ಅನ್ನುತ್ತದೆ, ಹಿಕ್ಕೆ ಉದುರುತ್ತಿದ್ದ ಹಾಗೆ ಸರ ಸರ ಅಂತ ಸಣ್ಣ ಸದ್ದಾಗುತ್ತದೆ. ಆ ಸದ್ದು ಬದಲಾದ ಕೂಡಲೇ ನಿಲ್ಲಿಸಿ. ಅಲ್ಲಿಂದ ಮುಂದೆ ಉಜ್ಜುವುದು ಪೊರೆಯನ್ನು. ತೆಳು ಗುರುತು ಉಳಿದರೆ ಉಳಿಯಲಿ ಬಿಡಿ, ಓಡನ್ನೇನು ತಿನ್ನುತ್ತೀರಾ? ಒಣ ಹತ್ತಿ ಬಟ್ಟೆಯಲ್ಲಿ ಒಮ್ಮೆ ಒರೆಸಿ ಇಡಿ. ಕೆಲವರು ಮರಳು ಕಾಗದ ಹಿಡಿಯುತ್ತಾರೆ. ಕಂದು ಮೊಟ್ಟೆಯ ಮೇಲೆ ಅದನ್ನು ಆಡಿಸಿ ನೋಡಿ, ಬಣ್ಣವೇ ಪುಡಿಯಾಗಿ ಬರುತ್ತದೆ. ಆ ಬಣ್ಣ ಇರುವುದು ಮೇಲ್ಮೈಯಲ್ಲೇ, ಒಡೆದ ಓಡಿನ ಒಳಬದಿ ನೋಡಿದರೆ ಬೆಳ್ಳಗಿರುತ್ತದೆ.

ಕೆಲಸ ಮುಗಿದ ಮೇಲೆ ನಾರು ಕೊಡವಿ ಬಿಸಿಲಿಗೆ ಹಾಕಿ, ವಾರಕ್ಕೊಂದು ತುಂಡು ಬದಲಾಯಿಸಿ, ಕೈ ಸೋಪು ಹಾಕಿ ತೊಳೆಯಿರಿ. ಬಿಸಿಲು ಅಂದಾಗ ನೆನಪಾಯಿತು, ಸಿಂಕಿನ ಪಕ್ಕ ಮುದ್ದೆಯಾಗಿ ಬಿದ್ದಿರುತ್ತದಲ್ಲ, ಪಾತ್ರೆ ಒರೆಸುವ ಬಟ್ಟೆ, ಅದನ್ನೂ ದಿನಾ ಬಿಸಿಲಿಗೆ ಹಾಕಿ. ಫಳಫಳ ತೊಳೆದ ತಟ್ಟೆಯನ್ನು ಆ ಕಮಟು ಬಟ್ಟೆಯಲ್ಲಿ ಒರೆಸಿ ಜೋಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತೊಳೆಯಲೇಬೇಕು ಅನ್ನುವಷ್ಟು ಕೊಳೆಯಾಗಿದ್ದರೆ ಬೆಚ್ಚಗಿನ ನೀರಲ್ಲಿ ತೊಳೆಯಿರಿ. ಮಣಿಕಟ್ಟಿನ ಮೇಲೆ ಬಿಟ್ಟರೆ ಬಿಸಿ ಅನ್ನಿಸಬೇಕು, ಕೈ ಎಳೆದುಕೊಳ್ಳುವ ಹಾಗಿರಬಾರದು. ಲೆಕ್ಕ ಬೇಕು ಅನ್ನುವವರಿಗೆ, 32 ಡಿಗ್ರಿಗಿಂತ ಮೇಲೆ, ಮೊಟ್ಟೆಗಿಂತ 11 ಡಿಗ್ರಿಯಾದರೂ ಜಾಸ್ತಿ. ಆಗ ಒಳಗಿನದು ಹಿಗ್ಗುತ್ತದೆ, ನೀರನ್ನು ಎಳೆದುಕೊಳ್ಳುವುದಿಲ್ಲ. ನಲ್ಲಿಯ ಕೆಳಗೆ ಒಂದೊಂದೇ ಹಿಡಿದು, ಬೇಗ ಬೇಗ. ನೆನೆಹಾಕುವ ಮಾತೇ ಇಲ್ಲ. ಘಮಘಮ ಸೋಪೂ ಬೇಡ, ಮೊಟ್ಟೆ ವಾಸನೆ ಹಿಡಿಯುತ್ತದೆ. ತಕ್ಷಣ ಒರೆಸಿ, ಫ್ರಿಜ್ಜಿನಲ್ಲಿಡಿ, ಮೊದಲು ಅದನ್ನೇ ಬಳಸಿ. ಬಿರುಕು ಬಿಟ್ಟಿದ್ದರೆ ಎಸೆಯಿರಿ.

"ಅಮೆರಿಕದಲ್ಲಿ ಎಲ್ಲಾ ಮೊಟ್ಟೆ ತೊಳೆದೇ ಮಾರುತ್ತಾರೆ" ಅಂತ ವಾದಕ್ಕೆ ಬರುತ್ತಾರೆ. ಹೌದು, ಅಲ್ಲಿ ಯಂತ್ರದಲ್ಲಿ ಬಿಸಿ ನೀರಲ್ಲಿ ತೊಳೆಯುತ್ತಾರೆ, ಆಮೇಲೆ ಅಂಗಡಿಯವರೆಗೂ ತಣ್ಣಗೇ ಇಡುತ್ತಾರೆ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಎ ದರ್ಜೆಯ, ಅಂದರೆ ಅಂಗಡಿಯಲ್ಲಿ ಮಾರುವ ಮೊಟ್ಟೆಯನ್ನು ತೊಳೆಯುವ ಹಾಗೇ ಇಲ್ಲ. ತೊಳೆದರೆ ಫ್ರಿಜ್ಜಿಗೆ, ತೊಳೆಯದಿದ್ದರೆ ತಂಪಾದ ಮೂಲೆಯಲ್ಲಿ ಎರಡು ವಾರ ಆರಾಮಾಗಿ ಇರುತ್ತದೆ. ಸೆಕೆ ಜಾಸ್ತಿ ಇದ್ದರೆ ತೊಳೆಯದ್ದನ್ನೂ ಫ್ರಿಜ್ಜಿಗೇ ಇಡಿ. ಒಮ್ಮೆ ಇಟ್ಟ ಮೇಲೆ ಒಳಗೆ ಹೊರಗೆ ಆಡಿಸಬೇಡಿ, ಹೊರಗೆ ಬಂದರೆ ಬೆವರುತ್ತದೆ, ಆ ಬೆವರು ಸಾಕು ಕೊಳೆ ಒಳಗಿಳಿಯುವುದಕ್ಕೆ. ಚೂಪು ತುದಿ ಕೆಳಗಿರಲಿ. ನೀರಲ್ಲಿ ತೇಲಿಸಿ ನೋಡುವುದನ್ನು ಒಡೆಯುವ ಮುಂಚೆ ಮಾತ್ರ ಮಾಡಿ, ಬುಟ್ಟಿಯಷ್ಟನ್ನೂ ಮುಳುಗಿಸಿ ಮತ್ತೆ ಎತ್ತಿಡಬೇಡಿ. ತೇಲಿದರೆ ಹಳತು ಅಂತ ಗೊತ್ತಾಗುತ್ತದೆ, ಅಷ್ಟೇ. ಸಾಲ್ಮೊನೆಲ್ಲಾ ರೋಗಾಣು ಕೆಲವು ಸಲ ಕೋಳಿಯಿಂದಲೇ ಮೊಟ್ಟೆಯ ಒಳಗೆ ಬಂದಿರುತ್ತದೆ, ಅದು ತೇಲಿಸಿದರೆ ತಿಳಿಯುವುದೂ ಇಲ್ಲ, ತೊಳೆದರೆ ಹೋಗುವುದೂ ಇಲ್ಲ. ಬಿಳಿ, ಹಳದಿ ಎರಡೂ ಗಟ್ಟಿಯಾಗುವ ಹಾಗೆ ಬೇಯಿಸಿ.

ಆ ಇಪ್ಪತ್ತು ಮೊಟ್ಟೆಯನ್ನು ಗೊಬ್ಬರದ ಗುಂಡಿಗೆ ಹಾಕಿಸಿದೆ. ಮುಖ ಊದಿಸಿಕೊಂಡಳು. ಹಿತ್ತಲಿಗೆ ಹೋಗಿ ನೋಡಿದರೆ ನನ್ನ ಅನುಮಾನ ಸರಿ, ಕೋಲು ಮೊಣಕಾಲಿನಷ್ಟು ಎತ್ತರ, ಗೂಡು ಸೊಂಟದಷ್ಟು. ಸಂಜೆಯೇ ಕೋಲು ಮೇಲೆ ಕಟ್ಟಿಸಿ, ಕತ್ತಲಾದ ಮೇಲೆ ಆರೂ ಹೇಂಟೆಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲೆ ಕೂರಿಸಿದೆ. ಗೂಡಿನ ಹುಲ್ಲನ್ನೂ ಬದಲಾಯಿಸಿದೆವು. ಬೆಳಿಗ್ಗೆ ಐದು ಮೊಟ್ಟೆ ಸಿಕ್ಕವು, ನಾಲ್ಕು ಚೊಕ್ಕ, ಒಂದಕ್ಕೆ ಮಾತ್ರ ಕಾಳಿನಷ್ಟು ಅಂಟಿತ್ತು. ಒಣಗಲು ಬಿಡು ಅಂತ ಹೇಳಿ ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಹುಡುಗಿ ನಾರು ಹಿಡಿದು ಕೂತಿದ್ದಳು, ಮೊಟ್ಟೆಯ ಅರ್ಧ ಮೈಗೆ ಹಿಕ್ಕೆ ಬಳಿದಿತ್ತು.