ರಜೆಗೆ ಎಂತ ಓದ್ತೀಯ? ಮಾಂಗಾ, ತೇಜಸ್ವಿ ಮತ್ತು ನನ್ನ ಬಾಡಿಗೆ ಕಪಾಟು

ಸಾಗರದಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ. ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಕೊಡುವ ಪುಸ್ತಕಗಳ ಕಪಾಟುಗಳಿವೆ. ವರ್ಷವಿಡೀ ಅಲ್ಲಿಗೆ ಬರುವವರು ಕಾದಂಬರಿ ಓದುವ ಹೆಂಗಸರು ಮತ್ತು ರಿಟೈರಾದ ಮೇಷ್ಟ್ರುಗಳು. ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಸಿಕ್ಕಿತೆಂದರೆ ಗಿರಾಕಿಗಳೇ ಬದಲು. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಹುಡುಗ ಹುಡುಗಿಯರು, ಬೆಂಗಳೂರಿನಿಂದ ಅಜ್ಜನ ಮನೆಗೆ ಬಂದವರು, ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಪೇಟೆಗೆ ಓಡಿಬಂದವರು. ಹೆಚ್ಚಿನವರನ್ನು ಅಮ್ಮ ಎಳೆದುಕೊಂಡು ಬಂದಿರುತ್ತಾಳೆ. "ಇಡೀ ದಿನ ಮೊಬೈಲು ಮಾರಾಯ್ರೆ, ಎಂತಾದ್ರೂ ಒಳ್ಳೆ ಪುಸ್ತಕ ಕೊಡಿ" ಎಂದು ಅಮ್ಮ ಹೇಳುವಾಗ ಮಗ ಪಕ್ಕದಲ್ಲಿ ನಿಂತು ಫ್ಯಾನ್ ತಿರುಗುವುದನ್ನು ನೋಡುತ್ತಿರುತ್ತಾನೆ.

"ಯಾವ ಥರದ ಪುಸ್ತಕ ಇಷ್ಟ?" ಎಂಬ ಪ್ರಶ್ನೆಯನ್ನು ನಾನು ಕೇಳುವುದಿಲ್ಲ. ಓದಿಯೇ ಇಲ್ಲದವರಿಗೆ ಇಷ್ಟ ಎಲ್ಲಿಂದ ಬರಬೇಕು? "ನಿನ್ನೆ ರಾತ್ರಿ ಎಂತ ನೋಡಿದೆ?" ಎಂದರೆ ಮಾತ್ರ ಬಾಯಿ ಬಿಡುತ್ತಾರೆ. ನರುಟೋ, ಡೆತ್ ನೋಟ್, ಹೈಕ್ಯೂ, ಎಲ್ಲ ಜಪಾನಿನ ಅನಿಮೆ, ಅಂದರೆ ಅನಿಮೇಷನ್ ಸರಣಿಗಳು. ಅಮ್ಮನಿಗೆ ಅದು ಕಾರ್ಟೂನು. ನನಗೆ ಅದು ವಿಳಾಸ. ಈ ಅನಿಮೆಗಳ ಮೂಲ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್ ಪುಸ್ತಕಗಳೇ ಆದ್ದರಿಂದ ಕತೆಯ ಅರ್ಧ ಹಾದಿ ಮಗುವಿಗೆ ಆಗಲೇ ಗೊತ್ತಿರುತ್ತದೆ. ಗೊತ್ತಿರುವ ಹಾದಿಯಲ್ಲಿ ಇಂಗ್ಲಿಷ್ ಅಷ್ಟು ಹೆದರಿಸುವುದಿಲ್ಲ.

ನನ್ನ ಕಪಾಟಿನ ಮಾಂಗಾಗಳೆಲ್ಲ ಇಂಗ್ಲಿಷ್‌ನವು. ಕನ್ನಡ ಮೀಡಿಯಂ ಮಕ್ಕಳಿಗೆ ಮೊದಲ ದಿನ ಎರಡು ತೊಡಕು. ಒಂದು, ಮಾತಿನ ಗುಳ್ಳೆಗಳ ಒಳಗೆ ಹೆಚ್ಚಾಗಿ ಎಲ್ಲವೂ ಕ್ಯಾಪಿಟಲ್ ಅಕ್ಷರ. ಪಠ್ಯಪುಸ್ತಕದ ಸಣ್ಣ ಅಕ್ಷರಕ್ಕೆ ಕಣ್ಣು ಪಳಗಿದವರು ಅಲ್ಲಿ ಮುಗ್ಗರಿಸುತ್ತಾರೆ. ನಾಲ್ಕೈದು ಪುಟ ಜೋರಾಗಿ ಓದಿಸಿದರೆ ಸಾಕು, ಸರಿಹೋಗುತ್ತದೆ. ಇನ್ನೊಂದು, ಹೆಚ್ಚಿನ ಪುಸ್ತಕಗಳು ಬಲದಿಂದ ಎಡಕ್ಕೆ ಓಡುತ್ತವೆ. ಹೊಸಬರು ನಾವು ಮೊದಲ ಪುಟ ಅಂದುಕೊಳ್ಳುವ ಕಡೆ ತೆರೆದರೆ, "ನೀವು ತಪ್ಪು ದಿಕ್ಕಿನಿಂದ ಓದುತ್ತಿದ್ದೀರಿ" ಎಂದು ಚಿತ್ರ ಸಮೇತ ಎಚ್ಚರಿಸುವ ಪುಟವೇ ಹಲವು ಪುಸ್ತಕಗಳಲ್ಲಿ ಎದುರಾಗುತ್ತದೆ. ಒಮ್ಮೆ ಒಬ್ಬ ಅಪ್ಪ ಪುಸ್ತಕ ವಾಪಸ್ ತಂದು, "ಇದು ಹಿಂದುಮುಂದಾಗಿ ಬೈಂಡ್ ಆಗಿದೆ, ಬೇರೆ ಕಾಪಿ ಕೊಡಿ" ಎಂದಿದ್ದರು. ಮಗಳು ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದಳು. ಈಗ ನಾನು ಕೌಂಟರಿನ ಮೇಲೆ ಒಂದು ಪುಟ ಬಿಡಿಸಿ ಬೆರಳಿಟ್ಟು ತೋರಿಸುತ್ತೇನೆ: ಮೇಲಿನ ಬಲಮೂಲೆಯ ಚೌಕದಲ್ಲಿ ಶುರು, ಕೆಳಗಿನ ಎಡಮೂಲೆಯಲ್ಲಿ ಮುಕ್ತಾಯ, ಗುಳ್ಳೆಗಳೂ ಅದೇ ಕ್ರಮ. ಮಕ್ಕಳಿಗೆ ಎರಡನೇ ಪುಟಕ್ಕೇ ರೂಢಿಯಾಗುತ್ತದೆ, ಅಪ್ಪಂದಿರಿಗೆ ಆಗುವುದಿಲ್ಲ.

ಹೈಕ್ಯೂ ನನ್ನ ಕಪಾಟಿನಲ್ಲಿ ಕೈಯಿಂದ ಕೈಗೆ ಹೋಗಿ ಅಂಚೆಲ್ಲ ಮಡಚಿಕೊಂಡಿದೆ. ಕಾರಣ ಹುಡುಕಬೇಕಿಲ್ಲ. ಅದು ವಾಲಿಬಾಲ್ ಕತೆ, ಇಲ್ಲಿ ಬೇಸಿಗೆ ಎಂದರೆ ಊರೂರಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ. ನಾಯಕ ಹಿನಾಟ ಕುಳ್ಳ, ಆದರೆ ಎತ್ತರಕ್ಕೆ ಜಿಗಿಯುತ್ತಾನೆ. ಕಾಗೆಯಾಮ ಎಂಬ ಸೆಟ್ಟರ್ ಮಹಾ ಗರ್ವಿಷ್ಠ. ಇಬ್ಬರಿಗೂ ಆಗಿಬರುವುದಿಲ್ಲ, ಆದರೆ ಒಂದೇ ಟೀಮಿನಲ್ಲಿ ಆಡಬೇಕು. ಪುಸ್ತಕ ಮುಟ್ಟದ ಹುಡುಗನೊಬ್ಬ ಅಂಗಡಿಯ ಮೆಟ್ಟಿಲಲ್ಲೇ ಕೂತು ಮೊದಲ ಸಂಪುಟ ಮುಗಿಸಿದ. ಅವನಿಗೆ ಕತೆಗಿಂತ ಹಿಡಿಸಿದ್ದು ಬ್ಲಾಕ್ ಮಾಡುವವರ ಕೈಗಳ ಚಿತ್ರ, ಬೆರಳುಗಳು ನೆಟ್ಟಿನ ಮೇಲೆ ಹೇಗೆ ಬಾಗಿವೆ ಎಂಬುದು. "ನಾವು ಕೈ ಹಿಂಗೆ ಇಡೂದಿಲ್ಲ, ಅದಕ್ಕೇ ಔಟ್ ಹೋಗ್ತದೆ" ಎಂದು ನನಗೇ ವಿವರಿಸಿದ.

ಆದರೆ ಹೈಕ್ಯೂ 45 ಸಂಪುಟ. ನರುಟೋ 72. ಒನ್ ಪೀಸ್ 1997ರಿಂದ ನಡೆಯುತ್ತಲೇ ಇದೆ, ನೂರು ದಾಟಿದೆ. ಒಂದೊಂದು ಸಂಪುಟಕ್ಕೆ ಕೆಲವು ನೂರು ರೂಪಾಯಿ ಕೊಟ್ಟು ಅಷ್ಟನ್ನೂ ತರಿಸಲು ನನ್ನಂಥ ಅಂಗಡಿಗೆ ಸಾಧ್ಯವಿಲ್ಲ. ಉದ್ದದ ಸರಣಿಗಳ ಮೊದಲ ಕೆಲವು ಸಂಪುಟ ಮಾತ್ರ ಇಟ್ಟುಕೊಂಡು, ದುಡ್ಡನ್ನು ಮುಗಿಯುವ ಕತೆಗಳಿಗೆ ಹಾಕುತ್ತೇನೆ. ರಜೆಯೊಳಗೆ ಒಂದು ಸರಣಿ ಪೂರ್ತಿ ಓದಿ ಮುಗಿಸಿದವನ ಮುಖವೇ ಬೇರೆ ಇರುತ್ತದೆ. ಖರೀದಿಗೆ ಮೊದಲು ರುಚಿ ನೋಡಲು ಒಂದು ಸುಲಭದ ದಾರಿಯೂ ಇದೆ: ಜಪಾನಿನ ಶುಯೇಷಾ ಪ್ರಕಾಶನ 2019ರಲ್ಲಿ ತಂದ ಮಾಂಗಾ ಪ್ಲಸ್ ಆ್ಯಪ್. ಅದರಲ್ಲಿ ಬಹಳಷ್ಟು ಸರಣಿಗಳ ಮೊದಲ ಮೂರು ಅಧ್ಯಾಯ ಪುಕ್ಕಟೆ. ಮಕ್ಕಳ ಮೊಬೈಲಿನಲ್ಲೇ ತೋರಿಸುತ್ತೇನೆ. ಕದ್ದು ಹಾಕಿದ ಸ್ಕ್ಯಾನ್ ಸೈಟುಗಳ ದಾರಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಆ ವಾದಕ್ಕೆ ನಾನು ಇಳಿಯುವುದಿಲ್ಲ.

ಮುಗಿಯುವ ಕತೆಗಳಲ್ಲಿ ನನ್ನ ಮೊದಲ ಆಯ್ಕೆ ಸಿಲ್ವರ್ ಸ್ಪೂನ್, 15 ಸಂಪುಟ. ಬರೆದ ಹಿರೋಮು ಅರಕಾವಾ ಜಪಾನಿನ ಹೊಕ್ಕೈಡೋದ ಹೈನುಗಾರರ ಮನೆಯಲ್ಲೇ ಬೆಳೆದವರು. ಓದಿನ ಒತ್ತಡಕ್ಕೆ ಬೇಸತ್ತ ಪೇಟೆ ಹುಡುಗ ಹಚಿಕೆನ್ ಮನೆಯಿಂದ ದೂರ ಓಡಬೇಕೆಂದು ಕೃಷಿ ಹೈಸ್ಕೂಲು ಸೇರುತ್ತಾನೆ. ಮೊಟ್ಟೆ ಕೋಳಿಯ ಯಾವ ಭಾಗದಿಂದ ಹೊರಬರುತ್ತದೆ ಎಂದು ಗೊತ್ತಾದ ದಿನ ಅವನಿಗೆ ಮೊಟ್ಟೆ ತಿನ್ನಲಿಕ್ಕೇ ಹೇಸಿಗೆ. ಆಮೇಲೆ ಒಂದು ಹಂದಿಮರಿಗೆ ಹೆಸರಿಟ್ಟು ಸಾಕುತ್ತಾನೆ, ಅದು ಕಸಾಯಿಖಾನೆಗೆ ಹೋಗುವ ದಿನ ಬಂದೇ ಬರುತ್ತದೆ. ಮಾಂಸ ಬೇಯದ ಮನೆಯ ಹುಡುಗಿಯೊಬ್ಬಳು ಇದನ್ನು ಓದಿ, "ನಮ್ಮನೆ ಗಂಡುಕರು ಎಲ್ಲಿ ಹೋಗ್ತದೆ ಅಂತ ಅಪ್ಪನ ಹತ್ರ ಕೇಳಿದೆ" ಎಂದಳು. ಅಪ್ಪ ಎಂತ ಹೇಳಿದರೋ ಗೊತ್ತಿಲ್ಲ, ಮರುದಿನ ಅವರೇ ಬಂದು ಮುಂದಿನ ಸಂಪುಟ ಒಯ್ದರು. ಎರಡು ಎಕರೆ ಅಡಿಕೆ ಇರುವ ಮನೆಯ ಮಕ್ಕಳು ಪಿಯುಸಿ ಮುಗಿಸಿ ಬೆಂಗಳೂರಿಗೋ ತೋಟಕ್ಕೋ ಎಂದು ಲೆಕ್ಕ ಹಾಕುವ ಹೊತ್ತಿಗೆ ಈ ಪುಸ್ತಕ ಸರಿಯಾಗಿ ತಾಗುತ್ತದೆ.

ಇದರ ಜೊತೆ ನಾನು ಕರ್ವಾಲೊ ಕೊಡುತ್ತೇನೆ. ನನ್ನ ಪದ್ಧತಿಯೇ ಅದು: ಒಂದು ಮಾಂಗಾ ಒಯ್ದವರಿಗೆ ಅದಕ್ಕೆ ಎಲ್ಲೋ ಹೊಂದುವ ಒಂದು ಕನ್ನಡ ಪುಸ್ತಕ ಬಾಡಿಗೆ ಇಲ್ಲದೆ. ಓದಲೇಬೇಕೆಂದಿಲ್ಲ, ಓದಿದೆಯಾ ಎಂದು ಕೇಳುವುದೂ ಇಲ್ಲ. ಎಷ್ಟೋ ಪುಸ್ತಕ ಬಿಡಿಸದೆ ವಾಪಸು ಬರುತ್ತವೆ, ಬರಲಿ. ಕರ್ವಾಲೊ ಮಾತ್ರ ಹಾಗೆ ಬರುವುದು ಕಡಿಮೆ. ತೇಜಸ್ವಿ 1980ರಲ್ಲಿ ತಂದ ಈ ಸಣ್ಣ ಕಾದಂಬರಿಯಲ್ಲಿ ಜೇನುತುಪ್ಪ ಕೊಳ್ಳಲು ಹೋದವನ ಕತೆ ಹಾರುವ ಓತಿಯ ಬೆನ್ನು ಹತ್ತುತ್ತದೆ. ಮಂದಣ್ಣ, ಎಂಗ್ಟ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ. ಇಂಥ ಗ್ಯಾಂಗು ಒನ್ ಪೀಸಿನ ಕಡಲ್ಗಳ್ಳರ ಹಡಗಿನಲ್ಲೂ ಇದೆ ಎಂದು ಒಬ್ಬ ಹೇಳಿದ್ದು ನನಗೆ ಹಿಡಿಸಿತು. ಡೆತ್ ನೋಟ್ ಕೇಳುವವರಿಗೆ ಜುಗಾರಿ ಕ್ರಾಸ್. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಕಳ್ಳದಂಧೆಯ ಬಲೆಗೆ ಸಿಕ್ಕಿಬೀಳುವ ವೇಗ ಯಾವ ಥ್ರಿಲ್ಲರಿಗೂ ಕಮ್ಮಿಯಿಲ್ಲ. ಸಾಹಸದ ಹುಚ್ಚಿರುವವರಿಗೆ ಪ್ರದೀಪ ಕೆಂಜಿಗೆ ಜೊತೆ ತೇಜಸ್ವಿ ಕನ್ನಡಕ್ಕೆ ತಂದ ಪ್ಯಾಪಿಲಾನ್. ಕನ್ನಡದಲ್ಲಿ ಮಕ್ಕಳ ಪುಸ್ತಕವಿದೆ, ದೊಡ್ಡವರ ಪುಸ್ತಕವಿದೆ, ಹದಿನಾಲ್ಕರ ವಯಸ್ಸಿಗೆ ಎಂದು ಪ್ರತ್ಯೇಕ ಕಪಾಟು ಮಾಡುವಷ್ಟು ಇಲ್ಲ ಎಂಬುದು ನನ್ನ ಗೊಣಗಾಟ. ತೇಜಸ್ವಿ ಒಬ್ಬರೇ ಆ ಕಪಾಟಿನ ಬಹುಪಾಲು ತುಂಬಿದ್ದಾರೆ.

"ಕುವೆಂಪು ನಮ್ಮ ಜಿಲ್ಲೆಯವರೇ, ಮಲೆಗಳಲ್ಲಿ ಮದುಮಗಳು ಕೊಡಿ" ಎನ್ನುವ ಮಾವಂದಿರು ಪ್ರತಿ ವರ್ಷ ಬರುತ್ತಾರೆ. ಎಂಟನೇ ಕ್ಲಾಸಿನ ಮಗುವಿಗೆ ಅಷ್ಟು ದಪ್ಪದ ಪುಸ್ತಕ ಕೊಟ್ಟರೆ ಅದು ಕಿಟಕಿ ಬಾಗಿಲು ಹೊಡೆದುಕೊಳ್ಳದಂತೆ ಒತ್ತಿಡಲು ಬಳಕೆಯಾದೀತು. ನಾನು ಮಲೆನಾಡಿನ ಚಿತ್ರಗಳು ತೆಗೆದುಕೊಡುತ್ತೇನೆ, ಅಜ್ಜಯ್ಯನ ಅಭ್ಯಂಜನದಿಂದ ಶುರುಮಾಡು ಎನ್ನುತ್ತೇನೆ.

ಒಂದು ಜೋಡಿಯನ್ನು ಮಾತ್ರ ನಾನು ಮಕ್ಕಳನ್ನು ನೋಡಿ ಆರಿಸುತ್ತೇನೆ. ಕೇಜಿ ನಕಜಾವಾರ ಬೇರ್‌ಫುಟ್ ಗೆನ್, ಹಿರೋಶಿಮಾದ ಬಾಂಬು ಬಿದ್ದ ದಿನದ ಮತ್ತು ಆಮೇಲಿನ ಕತೆ. ನಕಜಾವಾಗೆ ಆಗ ಆರು ವರ್ಷ, ಬದುಕುಳಿದವರು. ಚರ್ಮ ಸುಲಿದು ನಡೆಯುವ ಮನುಷ್ಯರ ಚಿತ್ರಗಳಿವೆ, ಅದನ್ನು ಮೊದಲೇ ಹೇಳಿ ಕೊಡುತ್ತೇನೆ. ಜೊತೆಗೆ ನಮ್ಮದೇ ಊರಿನ ನಾ. ಡಿಸೋಜ ಅವರ ದ್ವೀಪ, ಅಣೆಕಟ್ಟಿನ ನೀರಿಗೆ ಮುಳುಗುವ ಊರಿನ ಕತೆ. ಚಿಕ್ಕವರಾದರೆ ಮುಳುಗಡೆಯ ಊರಿಗೆ ಬಂದವರು, 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕ. ಬಾಂಬೂ ಅಣೆಕಟ್ಟೂ ಒಂದೇ ಎಂದು ನಾನು ಹೇಳುತ್ತಿಲ್ಲ. ಊರು ಕಳೆದುಕೊಂಡವರು ಮರುದಿನ ಬೆಳಿಗ್ಗೆ ಏನು ಮಾಡುತ್ತಾರೆ ಎಂಬ ಪ್ರಶ್ನೆ ಎರಡರಲ್ಲೂ ಇದೆ. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಲಾಂಚ್ ಹಿಡಿದು ಪೇಟೆಗೆ ಬರುತ್ತಿದ್ದ ತುಮರಿ ಕಡೆಯ ಮಕ್ಕಳಿಗೆ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ದಿನನಿತ್ಯದ ನೋಟ. ಅದರಡಿ ಅಜ್ಜನ ಮನೆ ಇತ್ತು ಎಂದು ಹಲವರಿಗೆ ಗೊತ್ತು, ಆ ಕತೆ ಪುಸ್ತಕವಾಗಿದೆ ಎಂದು ಗೊತ್ತಿರುವುದಿಲ್ಲ. ಅಂಥವಳೊಬ್ಬಳು ದ್ವೀಪವನ್ನು ಮನೆಗೆ ಒಯ್ದು ಅಜ್ಜಿಗೆ ಓದಿ ಹೇಳಿದಳಂತೆ. ಅಜ್ಜಿ ನಡುನಡುವೆ ತಡೆದು, "ನಮ್ಮಲ್ಲಿ ಹಾಗಲ್ಲ ಆದದ್ದು" ಎಂದು ತಿದ್ದುತ್ತಿದ್ದರಂತೆ. ಪುಸ್ತಕ ತಡವಾಗಿ ಬಂತು, ದಂಡ ಕೇಳಲಿಲ್ಲ.

ವಯಸ್ಸಿನ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಮಾಂಗಾಗಳನ್ನು ಇಂಗ್ಲಿಷಿಗೆ ತರುವ ವಿಜ್ ಮೀಡಿಯಾ ಪ್ರಕಾಶನದ ಪುಸ್ತಕಗಳ ಮೇಲೆ ಟೀನ್, ಓಲ್ಡರ್ ಟೀನ್, ಮೆಚ್ಯೂರ್ ಎಂದು ಗುರುತಿರುತ್ತದೆ. ಹೈಕ್ಯೂ ಟೀನ್, ಡೆತ್ ನೋಟ್ ಓಲ್ಡರ್ ಟೀನ್. ಹೆಸರು ಬರೆದರೆ ಸಾಯುವ ಪುಸ್ತಕ ಕೈಗೆ ಸಿಕ್ಕ ಹುಡುಗನ ಕತೆ ಹನ್ನೆರಡೇ ಸಂಪುಟದಲ್ಲಿ ಮುಗಿಯುತ್ತದೆ, ಬೇಡಿಕೆಯೂ ಜಾಸ್ತಿ. ಆದರೂ ಎಂಟನೇ ಕ್ಲಾಸಿನವರಿಗೆ ಇಲ್ಲ. ಎ ಸೈಲೆಂಟ್ ವಾಯ್ಸ್ ಕೊಡುವಾಗ ಮನೆಯವರಿಗೂ ಒಂದು ಮಾತು ಹೇಳುತ್ತೇನೆ. ಕಿವಿ ಕೇಳದ ಶೋಕೋ ಮಾತಿನ ಬದಲು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾಳೆ, ತರಗತಿಯಲ್ಲಿ ಶೋಯಾ ಅವಳನ್ನು ಕಾಡುತ್ತಾನೆ, ವರ್ಷಗಳ ಮೇಲೆ ಕ್ಷಮೆ ಕೇಳಲು ಹುಡುಕಿಕೊಂಡು ಹೋಗುತ್ತಾನೆ. ಏಳೇ ಸಂಪುಟದ ಒಳ್ಳೆಯ ಕತೆ, ಆದರೆ ಆತ್ಮಹತ್ಯೆಯ ಯತ್ನವೂ ಅದರಲ್ಲಿದೆ. ಮುಚ್ಚಿಟ್ಟು ಕೊಟ್ಟರೆ ಮಗು ಒಂಟಿಯಾಗಿ ಓದುತ್ತದೆ. ಹೇಳಿ ಕೊಟ್ಟರೆ ಮನೆಯಲ್ಲಿ ಒಬ್ಬರಾದರೂ ಎರಡು ಪುಟ ತಿರುವಿ ನೋಡುತ್ತಾರೆ.

ಇಂಗ್ಲಿಷ್ ಕಾದಂಬರಿ ಬೇಕೆನ್ನುವವರು ಸಾಮಾನ್ಯವಾಗಿ ಬೆಂಗಳೂರಿನಿಂದ ಬಂದವರು. ಹಂಗರ್ ಗೇಮ್ಸ್ ಅವರು ಕೇಳಿಯೇ ಪಡೆಯುತ್ತಾರೆ, ನನ್ನ ಶಿಫಾರಸು ಬೇಕಿಲ್ಲ. ನಾನಾಗಿ ಕೈಗಿಡುವುದು ಎಸ್.ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಬರೆದ ದಿ ಔಟ್‌ಸೈಡರ್ಸ್, 1967ರದ್ದು, ತೆಳ್ಳಗಿದೆ. ಮತ್ತೆ ಆರ್.ಕೆ. ನಾರಾಯಣರ ಸ್ವಾಮಿ ಆ್ಯಂಡ್ ಫ್ರೆಂಡ್ಸ್. ಆಗುಂಬೆ ನೋಡಿ ಬಂದವರಿಗೆ ಅಲ್ಲಿ ಶಂಕರ್‌ನಾಗ್ ಮಾಲ್ಗುಡಿ ಕಟ್ಟಿದ್ದು ಗೊತ್ತಿರುತ್ತದೆ, ಮೂಲ ಪುಸ್ತಕ 1935ರದ್ದೆಂದರೆ ನಂಬುವುದಿಲ್ಲ.

ಅಮ್ಮಂದಿರ ತಕರಾರು ಒಂದೇ: "ಒಂದು ಗಂಟೇಲಿ ಮುಗಿಸ್ತಾನೆ, ದುಡ್ಡು ದಂಡ." ಹೌದು, ಇನ್ನೂರು ಪುಟದ ಮಾಂಗಾ ಒಂದು ಗಂಟೆಯ ಓದು. ಹಾಗಾಗಿ ಮಾಂಗಾಕ್ಕೆ ಬಾಡಿಗೆ ಸಂಪುಟದ ಲೆಕ್ಕದಲ್ಲಿಲ್ಲ, ವಾರದ ಲೆಕ್ಕದಲ್ಲಿ, ಒಮ್ಮೆಗೆ ಮೂರು ಸಂಪುಟ. ವಾರವಿಡೀ ಮನೆಯಲ್ಲಿದ್ದರೆ ಎರಡನೇ ಸಲ ಓದುತ್ತಾರೆ. ಮೊದಲ ಸಲ ಕತೆಗೆ ಓಡಿದ ಕಣ್ಣು ಎರಡನೇ ಸಲ ಚಿತ್ರಕ್ಕೆ ನಿಲ್ಲುತ್ತದೆ, ಬಿಟ್ಟ ಇಂಗ್ಲಿಷ್ ಪದಕ್ಕೂ ನಿಲ್ಲುತ್ತದೆ. ತಂಗಿಯೋ ಪಕ್ಕದ ಮನೆಯವರೋ ಅಷ್ಟರಲ್ಲಿ ಓದಿರುತ್ತಾರೆ, ಅದಕ್ಕೆ ನಾನು ಬಾಡಿಗೆ ಕೇಳುವುದಿಲ್ಲ.

ಮೇ ಕೊನೆಗೆ ಎಲ್ಲವನ್ನೂ ವಾಪಸು ಕೇಳಿ ತರಿಸಿಕೊಳ್ಳುತ್ತೇನೆ. ಜೂನ್ ಹಿಡಿದರೆ ಇಲ್ಲಿ ಗೋಡೆಯೇ ಬೆವರುತ್ತದೆ, ಮಾಂಗಾದ ಒರಟು ಕಾಗದ ಬೇಗ ಬೂಷ್ಟು ಹಿಡಿಯುತ್ತದೆ. ಒಂದೊಂದನ್ನೂ ಬಿಸಿಲಿಗೆ ತೋರಿಸಿ, ಒಣಬಟ್ಟೆಯಲ್ಲಿ ಒರೆಸಿ, ಟ್ರಂಕಿಗೆ ತುಂಬಿ, ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇನೆ. ಪುಟದ ನಡುವೆ ಚಾಕೊಲೇಟ್ ಕಾಗದ, ಬಸ್ ಟಿಕೆಟು, ಹಪ್ಪಳದ ಚೂರು ಸಿಗುತ್ತವೆ. ಮುಂದಿನ ಬೇಸಿಗೆಗೆ ಒಸಾಮು ತೆಜುಕಾರ ಬುದ್ಧ ಎಂಬ ಮಾಂಗಾ, ಎಂಟು ಸಂಪುಟ, ತರಿಸುವ ಯೋಚನೆಯಿದೆ. ರಿಟೈರಾದ ಮೇಷ್ಟ್ರೊಬ್ಬರು ಆಗಲೇ ಹೆಸರು ಬರೆಸಿದ್ದಾರೆ, ಅದರ ಇಂಗ್ಲಿಷ್ ಆವೃತ್ತಿ ಎಡದಿಂದ ಬಲಕ್ಕೇ ಓಡುತ್ತದೆ, ಅವರಿಗೆ ಕೌಂಟರಿನ ಮೇಲೆ ಪುಟ ಬಿಡಿಸಿ ಬೆರಳಿಟ್ಟು ತೋರಿಸಬೇಕಿಲ್ಲ.